ವಸಂತಕ್ಕನ ಅಮ್ಮನ ಮೊಮ್ಮಗಳು

ಗೆಳೆಯರೇ, ಇವತ್ತು ವಸಂತಕ್ಕನ ಮಂಡಿನೋವಿಗೆಂದು ಇಲ್ಲಿ ಬಹರೈನಿನ ರಿಫಾದ ಕ್ಲಿನಿಕ್ಕಿಗೆ ಹೋಗಿದ್ದೆವು. ಅಲ್ಲಿ ಊರಿನ ಕಡೆಯ ನರ್ಸಿಗೆ ಅವರು ನನ್ನ ಪರಿಚಯ ಹೇಳಿದರು: "ಇವಳು ನನ್ನ ಅಮ್ಮನ ಮೊಮ್ಮಗಳು."

"ಹಾಗಾದ್ರೆ ನಿಮ್ಮ ಮಗಳಾ?"

"ಅಲ್ಲ, ಡ್ರೈವರ್ ಹಮೀದಾಕನ ಮಗಳು."

ನರ್ಸ್ ನನ್ನ ತಲೆಯ ಶಾಲನ್ನೂ ಅವರ ಹಣೆಯ ಕುಂಕುಮವನ್ನೂ ಮತ್ತೆ ಮತ್ತೆ ನೋಡಿದಳು.

ತೊಂಬತ್ತರ ದಶಕದ ಮಾತು. ಅಪ್ಪ ಇಲ್ಲೇ ಸಿತ್ರಾದಲ್ಲಿ ಕಂಪೆನಿ ಬಸ್ ಓಡಿಸುತ್ತಿದ್ದರು. ನಮ್ಮ ಶಾಲೆಯ ಟೀಚರೂ ಊರಿನವರ ಸಂಘದವರೂ ಶುಕ್ರವಾರದ ರಜೆಯಲ್ಲಿ ಒಂದು ಕ್ಲಾಸಿನಲ್ಲಿ ಕೂತು, ನಮ್ಮಂಥ ಮಕ್ಕಳಿಗೆ ಮಂಗಳೂರಿನ ಕಾಲೇಜುಗಳ ಅರ್ಜಿ ತುಂಬಿಸಿಕೊಡುತ್ತಿದ್ದರು. ನನ್ನದು ಹಾಸ್ಟೆಲಿನ ಫಾರ್ಮಿನಲ್ಲಿ ನಿಂತಿತು. ಮಂಗಳೂರಿನಲ್ಲಿ ಗಾರ್ಡಿಯನ್ ಬೇಕಿತ್ತು, ನಮಗೆ ಅಲ್ಲಿ ಯಾರೂ ಇರಲಿಲ್ಲ.

"ಬೇಡ ಬಿಡಿ ಟೀಚರೇ," ಎಂದು ಅಪ್ಪ ಎದ್ದರು. ನನಗೆ ಅಳು ಬಂತು.

ಸಂಘದ ವಸಂತಕ್ಕ, "ಕೂತ್ಕೊಳ್ಳಿ ಹಮೀದಾಕ. ನನ್ನ ಅಮ್ಮ ಮಂಗಳೂರಲ್ಲೇ, ಕದ್ರಿಯಲ್ಲಿದ್ದಾರೆ. ಅವರ ಹೆಸರು ಬರೀರಿ," ಎಂದರು. ಸಂಬಂಧ ಏನೆಂದು ಬರೆಯಲಿ ಎಂದು ಟೀಚರ್ ಕೇಳಿದರು. "ಅಜ್ಜಿ ಅಂತ ಬರೀರಿ." ನಾವು ಆ ಅಜ್ಜಿಯ ಮುಖವನ್ನೇ ನೋಡಿರಲಿಲ್ಲ.

ಮೂರು ವರ್ಷ ಆ ಅಜ್ಜಿ ಪ್ರತಿ ಭಾನುವಾರ ನೀರ್‌ದೋಸೆ ಕಟ್ಟಿಕೊಂಡು ಹಾಸ್ಟೆಲಿಗೆ ಬಂದರು. ರಂಜಾನಿನಲ್ಲಿ ನನ್ನ ಉಪವಾಸ ಮುಗಿಯುವವರೆಗೆ ಗೇಟಿನ ಬಳಿ ಕಾದು ಕೂತಿರುತ್ತಿದ್ದರು. ಡಿಗ್ರಿ ಮುಗಿಸಿ ಬಂದು ನಾನು ಇಲ್ಲೇ ಟೀಚರಾದೆ.

ಆದರೆ ಫಾರ್ಮಿಗಷ್ಟೇ ಅಜ್ಜಿ ಎಂದು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ನನಗೆ ಅಂಕ ಕಡಿಮೆ ಬಂದರೆ, ನಾನು ಅಪ್ಪನಿಗೆ ಹೇಳುವ ಮೊದಲೇ ಬಹರೈನಿಗೆ ಫೋನ್ ಮಾಡಿಬಿಡುತ್ತಿದ್ದವರು ಅವರೇ.