ಕಲ್ಲಿನ ಮೇಲೆ ನಿಂತ ಫಿಯೆಟ್

ಬೈಲಹೊಂಗಲದ ಮಾರ್ಕೆಟ್ ಯಾರ್ಡಿಗೆ ಹೋಗುವ ರಸ್ತೆಯಲ್ಲಿ ಪದ್ಮವ್ವನ ಗ್ಯಾರೇಜು ಇದೆ. ಬೋರ್ಡಿನ ಮೇಲೆ ಈಗಲೂ ಅವಳ ಗಂಡ ಮಡಿವಾಳೆಪ್ಪನ ಹೆಸರೇ ಇದೆ. ಅವನು ಸಕ್ಕರೆ ಕಾಯಿಲೆಯಿಂದ ತೀರಿಕೊಂಡ ಮೇಲೆ ಬೆಳಿಗ್ಗೆ ಶಟರ್ ಎತ್ತುವವಳೂ ಸಂಜೆ ಇಳಿಸುವವಳೂ ಪದ್ಮವ್ವ. ಬೋಲ್ಟು ತಿರುವುವ ಪಾನಾ ಹಿಡಿದು ಗಾಡಿ ಬಿಚ್ಚುವವನು ಮೈದುನ ಮುತ್ತಪ್ಪ.

ರಾಮದುರ್ಗದ ಕಡೆಯ ತೊರಗಲ್ಲಿನಿಂದ ಮದುವೆಯಾಗಿ ಬಂದಾಗ ಅವಳಿಗೆ ಸೈಕಲ್ಲಿನ ಚೈನು ಹಾಕುವುದೂ ಗೊತ್ತಿರಲಿಲ್ಲ. ಗಂಡ ಬಿಚ್ಚಿ ಹಾಕಿದ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ಅವಳ ಪಾಲಿಗೆ ಬಂತು. ತೊಳೆದದ್ದನ್ನು ಬಿಚ್ಚಿದ ಕ್ರಮದಲ್ಲೇ ಗೋಣಿಚೀಲದ ಮೇಲೆ ಇಡುವಳು. ಹಾಗೆ ಇಡುತ್ತ ಇಡುತ್ತ ಯಾವುದು ಯಾವುದರ ಪಕ್ಕ ಕೂಡುತ್ತದೆ, ಯಾವುದು ಸವೆದರೆ ಯಾವುದು ಅಲುಗುತ್ತದೆ ಎಂಬುದು ಕಣ್ಣಿಗೆ ರೂಢಿಯಾಯಿತು.

ಹಳೆಯ ಫಿಯೆಟ್ಟು ಬಂದರೆ ಮಡಿವಾಳೆಪ್ಪನಿಗೆ ಖುಷಿ. ಆದರೆ ಮುಂದಿನ ಗಾಲಿಯ ಒಳಗೆ ಕೂತ ದಪ್ಪ ಸ್ಪ್ರಿಂಗು ಬಿಚ್ಚುವ ದಿನ ಮಾತ್ರ ಅವನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. "ಇದು ಹಲ್ಲು ಕಚಗೊಂಡು ಕುಂತೈತಿ ನೋಡು. ತಪ್ಪಿಸ್ಕೊಂಡ್ರ ಎದುರಿಗೆ ಯಾರ ಮಾರಿ ಐತಿ ಅಂತ ನೋಡಂಗಿಲ್ಲ" ಎನ್ನುತ್ತಿದ್ದ. ಹಿಂದಿನ ಗಾಲಿಗಳಿಗೆ ಅಡ್ಡ ಕಟ್ಟಿಗೆ ಕೊಡುವನು. ಗಾಡಿಯ ಚೌಕಟ್ಟಿಗೆ ಎರಡು ಕಡೆ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಕೈಯಿಂದ ದೂಡಿ ನೋಡುವನು. ಅಲುಗದಿದ್ದರೆ ಮಾತ್ರ ಗಾಲಿಯನ್ನು ಹಿಡಿದ ಕೆಳಗಿನ ತೋಳಿಗೆ ಜಾಕು. ಸ್ಪ್ರಿಂಗಿನ ಹೊಟ್ಟೆಯೊಳಗಿಂದ ಸರಪಳಿ ಹಾಯಿಸಿ ಚೌಕಟ್ಟಿಗೆ ಬಿಗಿದ ಮೇಲೆಯೇ ಬೋಲ್ಟಿಗೆ ಕೈ ಹಾಕುವನು.

ದಸರೆಯಲ್ಲಿ ಆಯುಧ, ಸಾಮಾನುಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಗಾಡಿಯೊಂದು ಸ್ಟ್ಯಾಂಡಿನ ಮೇಲಿದ್ದರೆ ಅವನು ಸ್ಟ್ಯಾಂಡನ್ನು ತೆಗೆಯುತ್ತಿರಲಿಲ್ಲ. ಆರತಿ ತಟ್ಟೆಯನ್ನೇ ಗಾಡಿಯ ಹತ್ತಿರ ಒಯ್ದು, ಬಗ್ಗಿ, ಅಲ್ಲಿಯೇ ಕುಂಕುಮ ಹಚ್ಚಿ ಬರುತ್ತಿದ್ದ. ಪೂಜೆಗಿಟ್ಟ ಸಾಮಾನನ್ನು ಮರುದಿನ ಬನ್ನಿ ಕೊಡುವತನಕ ಎತ್ತಬಾರದು ಎಂಬ ನೇಮ ಅವನಿಗೂ ಇತ್ತು. ಹೀಗೆ ನೇಮವೂ ಉಳಿಯುತ್ತಿತ್ತು, ಗಾಡಿಯೂ ಭದ್ರವಾಗಿ ನಿಂತಿರುತ್ತಿತ್ತು.

ಅವನು ಹೋದ ಮೇಲೆ ಪೂಜೆ ಮಾಡಲು ಸವದತ್ತಿಯಿಂದ ಅವನ ಅಣ್ಣ ಸೋಮಪ್ಪ ಬರತೊಡಗಿದ. ಮೊದಲ ವರ್ಷವೇ ಅವನು, "ನೀ ಹಿಂದಿನ ಖೋಲ್ಯಾಗ ಇರವ್ವಾ ಪದ್ಮವ್ವಾ, ಇದು ಕುಂಕುಮದ ಕೆಲಸ" ಎಂದ. ಗಂಡ ಸತ್ತ ಹೆಂಗಸು ಮುಂದೆ ನಿಲ್ಲಬಾರದೆಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಪದ್ಮವ್ವ ನುಂಗಿಕೊಂಡಳು. ಪ್ರತಿ ವರ್ಷ ಹಿಂದಿನ ಖೋಲಿಯಲ್ಲಿ ಚಹಾ ಕುದಿಸುತ್ತ ಗಂಟೆಯ ಸದ್ದು ಕೇಳುವುದು, ಮುಗಿದ ಮೇಲೆ ಹೊರಗೆ ಬರುವುದು. ವರ್ಷವಿಡೀ ಆ ಸಾಮಾನಿನ ಜಿಡ್ಡು ತೊಳೆದ ಕೈ ಆ ಒಂದು ದಿನ ಮಾತ್ರ ಹೊಲಸಾಗುತ್ತಿತ್ತು.

ಈ ಸಲ ಕಿತ್ತೂರಿನ ಬಾಳಕೃಷ್ಣ ರಾಯರ ಫಿಯೆಟ್ಟು ಗ್ಯಾರೇಜಿನಲ್ಲಿತ್ತು. ಅವರ ತಂದೆ ಕೊಂಡ ಗಾಡಿ. ಮುಂದಿನ ಎಡಗಾಲಿಯ ಕೆಳಗಿನ ತೋಳಿನ ಕೀಲಿನಲ್ಲಿ ಕೂಡುವ ಬುಷ್ಷುಗಳು ಸವೆದು ಗಾಡಿ ಒಂದೇ ಕಡೆ ಎಳೆಯುತ್ತಿತ್ತು. ಮುತ್ತಪ್ಪ ಎಲ್ಲ ಬಿಚ್ಚಿ ಹೊಸ ಬುಷ್ಷು ಹಾಕಿದ್ದ. ಸ್ಪ್ರಿಂಗನ್ನು ಒತ್ತಿ ಅದರ ಜಾಗಕ್ಕೆ ಕೂಡಿಸುವುದೊಂದು ಉಳಿದಿತ್ತು.

"ಅದನ್ನ ಹಬ್ಬ ಆದ ಮ್ಯಾಲ ಮಾಡು. ಗಾಡಿ ಸ್ಟ್ಯಾಂಡಿನ ಮ್ಯಾಲನ ಇರಲಿ" ಎಂದು ಹಿಂದಿನ ಸಂಜೆ ಪದ್ಮವ್ವ ಹೇಳಿದ್ದಳು.

"ಹೂಂನ್ರಿ ವೈನಿ" ಎಂದಿದ್ದ ಮುತ್ತಪ್ಪ.

ಮರುದಿನ ಪೂಜೆಯ ಗಂಟೆ ನಿಂತಿತು. ಚಹಾ ಇನ್ನೊಮ್ಮೆ ಕುದಿಸಿ, ಸೋಸಿ, ಪದ್ಮವ್ವ ತಾಟು ಹಿಡಿದು ಹೊರಗೆ ಬರುವಾಗ ಸ್ವಲ್ಪ ತಡವಾಗಿತ್ತು. ಮಣೆಯ ಮೇಲೆ ಪಾನಾಗಳು, ದೊಡ್ಡ ಜಾಕು, ಸರಪಳಿ, ಸುತ್ತಿಗೆ ಸಾಲಾಗಿ ಇದ್ದವು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಅವುಗಳ ಪಕ್ಕದಲ್ಲಿ ಎರಡೂ ಸ್ಟ್ಯಾಂಡುಗಳು.

ಸ್ಟ್ಯಾಂಡು ಇಲ್ಲಿದ್ದರೆ ಗಾಡಿಯ ಕೆಳಗೆ ಏನಿದೆ?

ಅವಳು ಹೊರಳಿ ನೋಡಿದಳು. ಗಟಾರದ ಪಕ್ಕ ಬಿದ್ದಿದ್ದ ಕಟ್ಟಡದ ಕಲ್ಲುಗಳನ್ನು ಎರಡೂ ಕಡೆ ಒಂದರ ಮೇಲೊಂದು ಇಟ್ಟು ಅವುಗಳ ಮೇಲೆ ಫಿಯೆಟ್ಟನ್ನು ಕೂಡಿಸಿದ್ದರು. ಗಾಡಿಯ ಕೆಳಗಿನಿಂದ ಮುತ್ತಪ್ಪನ ಎರಡು ಕಾಲು ಹೊರಗೆ ಚಾಚಿದ್ದವು. ಸೋಮಪ್ಪ ಕುರ್ಚಿಯಲ್ಲಿ ಕೂತು ಪ್ರಸಾದದ ಕೊಬ್ಬರಿ ಅಗಿಯುತ್ತಿದ್ದ. ಬಾಳಕೃಷ್ಣ ರಾಯರು ಹೊಸ ಧೋತರ ಉಟ್ಟು ನಿಂತಿದ್ದರು.

"ಬರ್ರಿ ಪದ್ಮವ್ವಾರ" ಎಂದರು ರಾಯರು. "ಮನಿಯೊಳಗ ಗಾಡಿನ ಇಲ್ಲಂದ್ರ ಖಂಡೇಪೂಜಿ ಹ್ಯಾಂಗ ಆಗ್ತದ? ನಮ್ಮ ತಾಯಿ ಭಾಗೀರಥಿಬಾಯಿ ಆರತಿ ಹಚಗೊಂಡು ಕೂತಾರ. ಮುತ್ತಪ್ಪ ಪಾಪ, ಒಲ್ಲೆ ಅನಲಿಲ್ಲ."

ಪದ್ಮವ್ವ ತಾಟನ್ನು ನೆಲದ ಮೇಲಿಟ್ಟಳು. "ಮುತ್ತಪ್ಪಾ, ಏನ್ ಮಾಡಾಕತ್ತಿ ಅಲ್ಲಿ?"

"ಎರಡ ಬೋಲ್ಟ್ ಅದಾವ ವೈನಿ. ಹಾಕಿ ಬಂದ್ನಿ."

"ಜಾಕ ಯಾವುದು?"

"ರಾಯರ ಡಿಕ್ಕ್ಯಾಗಿಂದು. ಪಾನಾನೂ ಅವರದ. ನಮ್ಮ ಸಾಮಾನ ಒಂದೂ ಮುಟ್ಟಿಲ್ಲರಿ, ಪೂಜಿ ಮುರದಿಲ್ಲ." ಗಾಡಿಯ ಕೆಳಗಿನಿಂದ ಬಂದ ಆ ದನಿಯಲ್ಲಿ ಹೆಮ್ಮೆ ಇತ್ತು.

ಅವಳು ಮೊಣಕಾಲೂರಿ ಬಗ್ಗಿದಳು. ಗಾಡಿ ಪಂಕ್ಚರ್ ಆದಾಗ ಎತ್ತಲು ಕೊಟ್ಟ ಸಣ್ಣ ಜಾಕು ತೋಳನ್ನು ಮೇಲಕ್ಕೆ ಒತ್ತಿ ನಿಂತಿತ್ತು. ಸ್ಪ್ರಿಂಗು ಅರ್ಧದಷ್ಟು ಕುಗ್ಗಿತ್ತು. ಸರಪಳಿ ಇಲ್ಲ, ಅದು ಹೂವು ಏರಿಸಿಕೊಂಡು ಮಣೆಯ ಮೇಲಿದೆ. ಜಾಕು ಒತ್ತಿದ ಹಾಗೆ ಗಾಡಿಯೂ ಮೇಲೆದ್ದು, ಮೇಲಿನ ಕಲ್ಲಿಗೂ ಚೌಕಟ್ಟಿಗೂ ನಡುವೆ ಬೆಳಕು ಕಾಣುತ್ತಿತ್ತು. ಕಲ್ಲು ಈಗ ಏನನ್ನೂ ಹೊತ್ತಿರಲಿಲ್ಲ, ಆ ಕಡೆಯ ಭಾರವೆಲ್ಲ ಸಣ್ಣ ಜಾಕಿನ ಮೇಲಿತ್ತು. ಮುತ್ತಪ್ಪನ ಕಿವಿ ಸ್ಪ್ರಿಂಗಿನ ಪಕ್ಕದಲ್ಲೇ ಇತ್ತು.

ಅವಳ ಮೈಯೆಲ್ಲ ಉರಿಯಿತು. ಆದರೆ ಕೂಗಿದರೆ ಅವನು ಬೆಚ್ಚಿ ಏಳುತ್ತಾನೆಂದು ದನಿ ಎತ್ತಲಿಲ್ಲ.

"ಬೋಲ್ಟ್ ಬಿಡು. ಎಲ್ಲೂ ಕೈ ಹಚ್ಚಬ್ಯಾಡ. ಸಾವಕಾಶ ಹೊರಗ ಬಾ."

"ವೈನಿ, ಈಗ ಬಿಟ್ರ ಮತ್ತ ಮೊದಲಿಂದ ಮಾಡಬೇಕಾಕೈತ್ರಿ."

"ಮೊದಲಿಂದ ಮಾಡು. ನಾಳಿ ಮಾಡು. ದೀಪಾವಳಿಗೆ ಮಾಡು. ಈಗ ಬಾ."

ಕುರ್ಚಿಯಿಂದ ಸೋಮಪ್ಪ, "ಹಬ್ಬದ ದಿನಾ ಅಪಶಕುನ ಆಡಬ್ಯಾಡವ್ವಾ. ಎರಡ ಬೋಲ್ಟ್ ಅನ್ನಾಕತ್ತಾನಲ್ಲ" ಎಂದ.

"ಶಕುನ ಆಮ್ಯಾಲ ನೋಡೂಣು ಭಾವಾರ. ಮೊದಲ ಇವನ ತಲಿ ಹೊರಗ ಬರಲಿ."

ಮುತ್ತಪ್ಪ ಇನ್ನೂ ಅನುಮಾನಿಸುತ್ತಿದ್ದ. ಪದ್ಮವ್ವ ಅವನ ಪಾದವನ್ನು ಗಟ್ಟಿಯಾಗಿ ಹಿಡಿದಳು. "ಬರ್ತಿಯೋ, ಹಬ್ಬದ ಅಂಗಿ ಹರಿಯೂಹಂಗ ಎಳೀಲೋ?"

ಅವನು ಬೆನ್ನು ತೆವಳಿಸುತ್ತ ಹೊರಗೆ ಬಂದ. ಮುಖದಲ್ಲಿ ಧೂಳಿತ್ತು, ಜೊತೆಗೆ ಮುನಿಸೂ ಇತ್ತು. ಅವಳು ಎಲ್ಲರನ್ನೂ ಹಿಂದೆ ಸರಿಸಿ, "ಈಗ ಬಾಜೂಕ ನಿಂತು ಹ್ಯಾಂಡಲ್ ತಿರುವಿ ಜಾಕ ಇಳಸು. ಬಗ್ಗಬ್ಯಾಡ" ಎಂದಳು. ಮುತ್ತಪ್ಪ ತಿರುವಿದ. ಸ್ಪ್ರಿಂಗು ಕಿರುಗುಟ್ಟುತ್ತ ಸಡಿಲವಾಯಿತು. ಗಾಡಿ ಕಲ್ಲಿನ ಮೇಲೆ ಮತ್ತೆ ಕೂತಿತು. ಮೇಲಿನ ಕಲ್ಲು ಗರ್ರೆಂದು ಕೆಳಗಿನದರ ಮೇಲಿಂದ ಜಾರಿ, ತುದಿಯಲ್ಲಿ ಸಿಕ್ಕಿಕೊಂಡು ನಿಂತಿತು. ಗಾಡಿಯ ಮೂತಿ ಒಂದು ಕಡೆ ವಾಲಿತು. ಕೆಳಗೆ ಯಾರೂ ಇರಲಿಲ್ಲ.

ಸೋಮಪ್ಪನ ಬಾಯಿಯಲ್ಲಿ ಕೊಬ್ಬರಿ ಹಾಗೆಯೇ ಉಳಿಯಿತು.

"ಗಾಡಿ ಇನ್ನೂ ಬೀಳೂದೈತಿ" ಎಂದು ಪದ್ಮವ್ವ ಪೂಜೆಯ ಮಣೆಯ ಕಡೆಗೆ ನಡೆದಳು.

ಸೋಮಪ್ಪ ಎದ್ದು ನಿಂತ. "ಏ, ಅದು ಪೂಜಿಗಿಟ್ಟದ್ದು! ನಾಳಿ ಬನ್ನಿ ಕೊಡೂತನಕ ಎತ್ತಂಗಿಲ್ಲ. ಅದರಾಗ ನಿನ್ನ ಕೈಲೆ..."

"ಪೂರ್ತಿ ಹೇಳ್ರಿ. ನನ್ನ ಕೈಲೆ ಏನು?"

ಸೋಮಪ್ಪ ಕೈಯಲ್ಲಿದ್ದ ಕೊಬ್ಬರಿಯನ್ನು ಪ್ರಸಾದದ ತಟ್ಟೆಗೆ ಹಾಕಿದ.

"ನಾನ ಹೇಳತೇನಿ ಕೇಳ್ರಿ. ಜಿಡ್ಡ ತೊಳ್ಯಾಕ ಈ ಕೈ ಆಕೈತಿ. ಗಿರಾಕಿ ಬಂದ್ರ ಚಾ ಕೊಡಾಕ ಈ ಕೈ ಆಕೈತಿ. ಕುಂಕುಮ ಹಚ್ಚಾಕ ಆಗಂಗಿಲ್ಲ. ಇರಲಿ ಅಂತ ಇಷ್ಟು ವರ್ಷ ಒಲಿ ಮುಂದ ಕುಂತೆ. ನಾ ಇಲ್ಲಿ ನಿಂತಿದ್ರ ಸ್ಟ್ಯಾಂಡ ತಗಿಯಾಕ ಬಿಡತಿದ್ನೇನು? ಹೂವ ಏರಸಾಕ ಅಂತ ಗಾಡಿ ಕೆಳಗಿಂದು ಕಿತ್ತು ತಂದೀರಿ. ನಿಮ್ಮ ತಮ್ಮನ ತಲಿ ಮ್ಯಾಲ ಗಟಾರದ ಕಲ್ಲ ಇಟ್ಟೀರಿ. ಮತ್ತ ಪೂಜಿ ಮುರದಿಲ್ಲ ಅಂತ ಹೇಳಾಕ ರಾಯರ ಜಾಕ! ಯಾರಿಗೆ ಹಾಕಿದ್ರಿ ಟೋಪಿ, ದೇವರಿಗೋ?"

ರಾಯರು ತಲೆ ತಗ್ಗಿಸಿದರು. ಮುತ್ತಪ್ಪ ವಾಲಿದ ಗಾಡಿಯನ್ನೇ ನೋಡುತ್ತಿದ್ದ. ಒಂದು ಸಲ ತನ್ನ ಕಿವಿಯನ್ನು ಮುಟ್ಟಿಕೊಂಡ.

ಪದ್ಮವ್ವ ದೊಡ್ಡ ಜಾಕಿನ ಹೂವನ್ನು ತೆಗೆದು ಮಣೆಯ ಮೇಲಿಟ್ಟು, ಅದನ್ನೂ ಎರಡು ಸ್ಟ್ಯಾಂಡುಗಳನ್ನೂ ಎಳೆದು ತಂದಳು. ಕುಂಕುಮವನ್ನು ಒರೆಸಲಿಲ್ಲ. ಹಿಂದಿನ ಗಾಲಿಗಳಿಗೆ ಅಡ್ಡ ಕಟ್ಟಿಗೆ ಇದೆಯೇ ಎಂದು ಮೊದಲು ನೋಡಿದಳು. ಇರಲಿಲ್ಲ. ಅದಕ್ಕೂ ಮುತ್ತಪ್ಪನನ್ನು ಬೈದು ಕೊಡಿಸಿದಳು. ಅವನು ಹೊರಗಿನಿಂದಲೇ ಜಾಕನ್ನು ಚೌಕಟ್ಟಿಗೆ ಕೊಟ್ಟು ಏರಿಸಿ, ಕಲ್ಲುಗಳನ್ನು ಹಾರೆಯಿಂದ ಪಕ್ಕಕ್ಕೆ ಎಳೆದುಹಾಕಿದ. ಅವಳು ಸ್ಟ್ಯಾಂಡಿನ ಬುಡ ಹಿಡಿದು, ತಲೆ ಒಳಗೆ ಹಾಕದೆ, ಕೈ ಚಾಚಿ ಸರಿಸಿದಳು. ಆ ಕಡೆಗೂ ಹಾಗೆಯೇ. ಜಾಕು ಇಳಿಯಿತು. ಗಾಡಿ ಕಬ್ಬಿಣದ ಮೇಲೆ ಸಮನಾಗಿ ಕೂತಿತು.

"ದೂಡು" ಎಂದಳು. ಮುತ್ತಪ್ಪ ಭುಜ ಕೊಟ್ಟು ದೂಡಿದ. ಅಲುಗಲಿಲ್ಲ.

"ನಾ ಗಡಬಡಿ ಮಾಡಿದ್ದು ತಪ್ಪಾತು ಪದ್ಮವ್ವಾರ" ಎಂದರು ರಾಯರು. ಬಗ್ಗಿ ಗಾಡಿಯ ಕೆಳಗೊಮ್ಮೆ ನೋಡಿ, "ಈಗ ಸ್ಟ್ಯಾಂಡ ಅದಾವಲ್ಲ. ಇವತ್ತ ಆಗಂಗಿಲ್ಲೇನು?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಆಗಂಗಿಲ್ಲ. ಇವನ ಕೈ ನೋಡ್ರಿ, ನಡಗಾಕತ್ತಾವ. ನಡಗೂ ಕೈಲೆ ಸ್ಪ್ರಿಂಗ್ ಕೂಡಸ್ತಾರೇನ್ರಿ? ಗಾಡಿ ಕೀಲಿಕೈ ಒಯ್ರಿ. ತಾಯಿಯಾರ ಮುಂದ ಅದನ್ನ ಇಟ್ಟು ಆರತಿ ಮಾಡಸ್ರಿ. ಕಿತ್ತೂರ ಬಸ್ಸು ಇನ್ನ ಅದಾವ."

ರಾಯರು ಧೋತರ ಎತ್ತಿ ಹಿಡಿದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು.

ಸೋಮಪ್ಪ ಚಹಾ ಮುಟ್ಟಲಿಲ್ಲ. ಹೆಗಲ ಮೇಲಿನ ಟವೆಲ್ಲು ಝಾಡಿಸಿದ. "ಹಿಂಗಾದ್ರ ಮುಂದಿನ ವರ್ಷ ನಾ ಪೂಜಿಗೆ ಬರಂಗಿಲ್ಲ."

"ಬರ್ರಿ ಭಾವಾರ. ಉಂಡು ಹೋಗಾಕ ಬರ್ರಿ. ಪೂಜಿ ನಾ ಮಾಡತೇನಿ."

ಅವನು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತ. ಪದ್ಮವ್ವನ ಸಿಟ್ಟು ಇಳಿದಿರಲಿಲ್ಲ. ಫಿಯೆಟ್ಟಿನ ಪಕ್ಕ ಬಿದ್ದಿದ್ದ ಕಲ್ಲುಗಳನ್ನು ಕಾಲಿನಿಂದ ನೂಕಿದಳು, ಅವು ಕದಲಲಿಲ್ಲ. ಮಣೆಯ ಮೇಲಿಂದ ದೊಡ್ಡ ಸುತ್ತಿಗೆಯನ್ನೂ ತಂದು ಮುತ್ತಪ್ಪನ ಮುಂದೆ ಹಿಡಿದಳು.

"ಹೊರಗ ಒಯ್ದು ಒಡಿ."

"ಯಾಕ್ರಿ ವೈನಿ? ಮತ್ತ ಗಟಾರದ ಕಡೆ ಒಗಿತೇನಲ್ಲ."

"ಅಲ್ಲಿದ್ರ ನಾಳಿ ಮತ್ತೊಬ್ಬನ ಕಣ್ಣಿಗೆ ಬೀಳತಾವ. ಒಡಿ."

ಮುತ್ತಪ್ಪ ಅಣ್ಣನ ಬೆನ್ನನ್ನೊಮ್ಮೆ ನೋಡಿದ, ಅತ್ತಿಗೆಯ ಮುಖವನ್ನೊಮ್ಮೆ ನೋಡಿದ. ಸುತ್ತಿಗೆ ಇಸಿದುಕೊಂಡ. ಕಲ್ಲುಗಳನ್ನು ರಸ್ತೆಯ ಅಂಚಿಗೆ ಉರುಳಿಸಿ ಹೊಡೆಯತೊಡಗಿದ. ಬಾಗಿಲ ಮುಂದೆ ಟ್ರಾಕ್ಟರುಗಳು ತುಳಿದು ಬಿದ್ದ ತಗ್ಗಿಗೆ ಪದ್ಮವ್ವ ಚೂರುಗಳನ್ನು ಪುಟ್ಟಿಯಲ್ಲಿ ತುಂಬಿ ತಂದು ಸುರಿದಳು. ಒಂದು ಚೂರು ಇನ್ನೂ ತೆಂಗಿನಕಾಯಿಯಷ್ಟು ದಪ್ಪ ಇತ್ತು. ಅವಳು ಅದನ್ನು ತಗ್ಗಿನಿಂದ ಹೊರತೆಗೆದು ಮತ್ತೆ ಅವನ ಮುಂದೆ ಇಟ್ಟಳು.

"ಇದೂ."