ಚೌಡಿಯ ಮುಂದೆ ಹದಿಮೂರರ ಮಗ್ಗಿ

ನನಗೆ ಹದಿಮೂರರ ಮಗ್ಗಿ ಚೆನ್ನಾಗಿ ಬರುತ್ತದೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹೇಳಿಕೊಳ್ಳುವಂಥ ಸಾಧನೆ ಇದಲ್ಲ ಎಂದು ನೀವು ಅಂದುಕೊಳ್ಳಬಹುದು. ಆದರೆ ನಾನು ಅದನ್ನು ನಲವತ್ತು ವರ್ಷ ದೇವರ ಮುಂದೆ ಹೇಳಿದ್ದೇನೆ, ಕೈ ಮುಗಿದು, ಕಣ್ಣು ಮುಚ್ಚಿ. ಆದ್ದರಿಂದ ಸ್ವಲ್ಪ ವಿವರಿಸಬೇಕು.

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ಮೇಲ್ತುದಿಯಲ್ಲಿ ಒಂದು ಧೂಪದ ಮರ, ಅದರ ಬುಡದಲ್ಲಿ ಚೌಡಿಯ ಕಲ್ಲು. ಹಣ್ಣು ಕೊಯ್ಲು ಶುರುವಾಗುವ ಬೆಳಿಗ್ಗೆ ಮನೆಯ ಹಿರಿಯರು ಮೊದಲ ಬೊಗಸೆ ಹಣ್ಣನ್ನು ಬಾಳೆಲೆಯಲ್ಲಿ ಅಲ್ಲಿಟ್ಟು, ಕಾಯಿ ಒಡೆದು, ಒಂದಷ್ಟು ಹೊತ್ತು ಏನನ್ನೋ ಹೇಳಬೇಕು. ಆಮೇಲೆಯೇ ಆಳುಗಳು ಗಿಡಕ್ಕೆ ಕೈ ಹಾಕುವುದು. ಅಪ್ಪ ಇದನ್ನು ಮಾಡುವಾಗ ನಾನು ಹಿಂದೆ, ಮರ್ಯಾದೆಯ ದೂರದಲ್ಲಿ ನಿಂತಿರುತ್ತಿದ್ದೆ. ಅಲ್ಲಿಂದ ಕಾಣುತ್ತಿದ್ದದ್ದು ಅವರ ಬೆನ್ನು ಮತ್ತು ಅಲುಗುವ ದವಡೆ ಮಾತ್ರ. ಮಗ ಕೇಳಲಿ, ಹೇಳೋಣ ಎಂದು ಅವರಿದ್ದರು. ಅಪ್ಪ ಹೇಳಲಿ, ಕಲಿಯೋಣ ಎಂದು ನಾನಿದ್ದೆ. ಹೀಗೆ ಇಬ್ಬರೂ ಕಾಯುತ್ತಿರುವಾಗಲೇ ಅವರು ತೀರಿಕೊಂಡರು.

ಮುಂದಿನ ಕೊಯ್ಲಿಗೆ ಕಲ್ಲಿನ ಮುಂದೆ ನಿಂತವನು ನಾನು. ಹಿಂದೆ ತೋಟದ ಜನವೆಲ್ಲ ನಿಂತಿದೆ. ತುಟಿ ಅಲುಗಿಸದೆ ಗತಿಯಿಲ್ಲ. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಹದಿಮೂರರ ಮಗ್ಗಿ. ಅಪ್ಪ ತೆಗೆದುಕೊಳ್ಳುತ್ತಿದ್ದಷ್ಟೇ ಹೊತ್ತನ್ನು ಅದೂ ತೆಗೆದುಕೊಂಡಿತು. ಬರುವ ವರ್ಷ ಬೇರೆ ಏನಾದರೂ ಹೇಳೋಣ ಎಂದುಕೊಂಡೆ. ಆದರೆ ಆ ವರ್ಷ ಫಸಲು ಚೆನ್ನಾಗಿ ಬಂದುಬಿಟ್ಟಿತು, ಬದಲಾಯಿಸುವ ಧೈರ್ಯವಾಗಲಿಲ್ಲ.

ಜಪದಲ್ಲಿ ಮೂರು ಬಗೆಯಂತೆ. ಕೇಳುವಂತೆ ಹೇಳುವುದು ಒಂದು, ಬರೀ ತುಟಿ ಅಲುಗಿಸುವುದು ಅದಕ್ಕಿಂತ ಮೇಲು, ತುಟಿಯೂ ಅಲುಗದೆ ಮನಸ್ಸಿನಲ್ಲೇ ಮಾಡುವುದು ಎಲ್ಲಕ್ಕಿಂತ ಶ್ರೇಷ್ಠ. ನಾನು ನಾಲ್ಕನೆಯ ಬಗೆಯವನು. ಎಲ್ಲರಿಗೂ ಭಕ್ತಿಯಾಗಿ ಕಾಣಿಸುವುದು, ಒಳಗೆ ನೂರಾ ಮೂವತ್ತಕ್ಕೆ ಮುಗಿಯುವುದು. ನಮ್ಮ ಸೀಮೆಗೆ ಕಾಫಿ ಬಂದದ್ದೇ ಒಬ್ಬ ಸಂತರ ಕೈಯಿಂದ ಎನ್ನುತ್ತಾರೆ. ಸಂತರು ಬೀಜದ ಜೊತೆ ಇನ್ನೇನನ್ನೋ ತಂದಿರಲೇಬೇಕು. ನಾವು ಬೀಜವನ್ನು ಭದ್ರ ಮಾಡಿಕೊಂಡೆವು.

ಈ ವರ್ಷ ಹೆಂಡತಿ, "ವಯಸ್ಸಾಯ್ತಲ್ಲ, ಚೌಡಿ ಕೆಲ್ಸ ಯಾರಿಗಾದ್ರೂ ಕಲ್ಸಿಬಿಡಿ" ಎಂದಳು. ತೋಟ ನೋಡಿಕೊಳ್ಳುವ ಮಗನನ್ನು ಕೇಳಿದೆ. ಅವನು ಮಣ್ಣು ಪರೀಕ್ಷೆಯನ್ನು ನಂಬುವವನು. "ನನ್ನ ಬಿಟ್ಬಿಡಿ ಅಪ್ಪ" ಎಂದ. ನನಗೆ ಒಳಗೊಳಗೇ ಸಮಾಧಾನವಾಯಿತು, ಗುಟ್ಟು ನನ್ನೊಂದಿಗೇ ಹೋಗುತ್ತದಲ್ಲ ಎಂದು. ಆದರೆ ಅವನ ಮಗಳು ಪ್ರಣತಿ, ಚಿಕ್ಕಮಗಳೂರಿನ ಹಾಸ್ಟೆಲಿನಿಂದ ರಜಕ್ಕೆ ಬಂದಿದ್ದ ಹನ್ನೆರಡು ವರ್ಷದ ಹುಡುಗಿ, "ನಾನು ಮಾಡ್ತೀನಿ ಅಜ್ಜ. ಮಂತ್ರ ಹೇಳ್ಕೊಡಿ, ಬಾಯಿಪಾಠ ಮಾಡ್ತೀನಿ" ಎಂದು ಪುಸ್ತಕ ಪೆನ್ನು ಹಿಡಿದು ಕೂತೇಬಿಟ್ಟಳು. ಕೊಯ್ಲಿಗೆ ಮೂರೇ ದಿನವಿತ್ತು.

ತೋಟ ಕೊಡುವುದು ಸುಲಭ. ಅದಕ್ಕೆ ಪತ್ರ, ಸಾಕ್ಷಿ, ಕಚೇರಿ ಎಲ್ಲ ಇವೆ. ಇದನ್ನು ಹೇಗೆ ಕೊಡುವುದು? ಮಗ್ಗಿಯನ್ನೇ ಮಂತ್ರವೆಂದು ದಾಟಿಸುವಂತಿಲ್ಲ, ಹುಡುಗಿಗೆ ಇಪ್ಪತ್ತರವರೆಗೂ ಬರುತ್ತದೆ. ನಾಲ್ಕು ಸಂಸ್ಕೃತ ಶಬ್ದ ಪೋಣಿಸಿ ಹೊಸದೊಂದನ್ನು ಕಟ್ಟಿಯೂ ನೋಡಿದೆ. ಮದುವೆಯ ಕರೆಯೋಲೆಯ ಹಾಗಿತ್ತು. ಇದನ್ನು ಅವಳು ನಂಬಿಕೊಂಡು ಜೀವಮಾನವಿಡೀ ಹೇಳುತ್ತಾಳಲ್ಲ ಎನಿಸಿ ನಾಚಿಕೆಯಾಯಿತು. ಹರಿದು ಹಾಕಿದೆ.

ಕೊನೆಗೆ ತೋಟದ ಆಳುಗಳ ಲೈನು ಮನೆಯಲ್ಲಿರುವ ಲಕ್ಷ್ಮಕ್ಕನ ಬಳಿ ಹೋದೆ. ಎಂಬತ್ತು ದಾಟಿದ್ದಾರೆ. ಹರೆಯದಲ್ಲಿ ಹಣ್ಣಿನ ಬುಟ್ಟಿ ಹಿಡಿದು ಅಪ್ಪನ ಪಕ್ಕದಲ್ಲೇ ನಿಲ್ಲುತ್ತಿದ್ದವರು. ನನ್ನನ್ನು ಈಗಲೂ ಸಣ್ಣಯ್ಯ ಎಂದು ಕರೆಯುವವರು ಇನ್ಯಾರೂ ಉಳಿದಿಲ್ಲ. ಅಪ್ಪ ಹೇಳುತ್ತಿದ್ದ ಮಂತ್ರ ಯಾವುದು ಎಂದು ಕೇಳಿದೆ.

"ಮಂತ್ರ ಯಾತರದ್ದು ಸಣ್ಣಯ್ಯ. ಅವತ್ತು ತೋಟಕ್ಕೆ ಇಳಿಯೋರ ಹೆಸ್ರು ಹೇಳೋರು, ಒಬ್ರದ್ದೂ ಬಿಡ್ದಂಗೆ. ಹಾವು ಹಂದಿ ಮುಟ್ಟದಂಗೆ ಕಾಯಿ ತಾಯಿ ಅನ್ನೋರು. ನಂದು ಮೂರನೇ ಹೆಸ್ರು."

ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಮತ್ತೆ ಹೇಳಿದರು: "ನಿಮ್ಮ ಕಾಲಕ್ಕೆ ಏನೂ ಕೇಳಿಸ್ತಿರ್ಲಿಲ್ಲ. ಮನಸ್ಸಲ್ಲೇ ಹೇಳ್ತಾರೆ ಅಂದ್ಕಂಡು ಇಳೀತಿದ್ವಿ."

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಲವತ್ತು ವರ್ಷ ಅಷ್ಟು ಜನ ನನ್ನ ಬೆನ್ನ ಹಿಂದೆ ನಿಂತು, ಹದಿಮೂರು ಏಳ್ಲಿ ತೊಂಬತ್ತೊಂದರ ಭರವಸೆಯ ಮೇಲೆ ಗಿಡದ ಬುಡಕ್ಕೆ ಕೈ ಹಾಕಿದ್ದಾರೆ. ಯಾರಿಗೂ ಏನೂ ಆಗಲಿಲ್ಲ ಎನ್ನುವುದು ಅವರ ಪುಣ್ಯ. ನನಗೆ ಬಹಳ ಕೆಟ್ಟದೆನಿಸಿತು.

ಅಂದು ಸಂಜೆ ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ, ಮಗ್ಗಿಯ ಸಮೇತ. ಅವಳು ನಗಲಿಲ್ಲ. "ಹಂಗಾದ್ರೆ ಈ ವರ್ಷದವ್ರ ಹೆಸ್ರು ಹೇಳಿ, ಬರ್ಕೋತೀನಿ" ಎಂದಳು.

ಹೇಳಲು ನನಗೆ ಒಂದೂ ಗೊತ್ತಿರಲಿಲ್ಲ. ಈಗ ಕೊಯ್ಲಿಗೆ ಬರುವವರು ಅಸ್ಸಾಮಿನವರು. ನಮ್ಮ ಬಾಯಲ್ಲಿ ಅವರು ಕೆಂಪು ಟೋಪಿ, ಉದ್ದದವನು, ಮಗು ಎತ್ತಿಕೊಂಡವಳು. ಆಳುಗಳ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ, "ಹದ್ನಾಲ್ಕು ಜನ ಸಾರ್" ಎಂದರು. ಅಪ್ಪನ ಮಂತ್ರ ಸಿಕ್ಕ ದಿನವೇ ಅದನ್ನು ಹೇಳಲು ಬೇಕಾದ ಶಬ್ದಗಳೇ ನನ್ನಲ್ಲಿಲ್ಲ ಎಂದಾಯಿತು. ಹುಡುಗಿ ನನ್ನನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು, ಶಾಲೆಯ ಹಿಂದಿಯೊಂದಿಗೆ ಲೈನಿನ ಕಡೆ ಹೊರಟಳು. ಕತ್ತಲಾಗುವುದರೊಳಗೆ ಹದಿನಾಲ್ಕು ಹೆಸರು ತಂದಳು.

ಕೊಯ್ಲಿನ ಬೆಳಿಗ್ಗೆ ಕಲ್ಲಿನ ಮುಂದೆ ಅವಳು, ಪಕ್ಕದಲ್ಲಿ ನಾನು. ರಹೀಮ್, ಬಿಪುಲ್, ಮಿನತಿ, ಜಮೀಲಾ ಎಂದು ಶುರು ಮಾಡಿದಳು, ಹಾಜರಿ ಕರೆಯುವಷ್ಟು ಗಟ್ಟಿಯಾಗಿ. ಚೌಡಿಗೆ ಇವು ಹೊಸ ಹೆಸರುಗಳು. ಅಡ್ಡಿಯೇನೂ ಬಂದಂತೆ ಕಾಣಲಿಲ್ಲ. ಹಿಂದೆ ನಿಂತವರಲ್ಲಿ ಕೆಂಪು ಟೋಪಿಯವನು ತನ್ನ ಹೆಸರು ಬಂದಾಗ ಟೋಪಿ ತೆಗೆದ. ಹಾವು, ಹಂದಿಯ ಜೊತೆ ಅವಳೇ ಆನೆಯನ್ನೂ ಸೇರಿಸಿದಳು. ಕಾಲಕ್ಕೆ ತಕ್ಕ ತಿದ್ದುಪಡಿ.

ಹದಿನಾಲ್ಕು ಮುಗಿದ ಮೇಲೆ ಇನ್ನೊಂದು ಹೆಸರು ಹೇಳಿದಳು. ಅದು ನನ್ನದು.

"ನಾನು ಹಣ್ಣು ಕೊಯ್ಯೋಕೆ ಇಳಿಯಲ್ಲ ಕಣೇ" ಎಂದೆ.

"ತೋಟದಲ್ಲೇ ಓಡಾಡ್ತೀರಲ್ಲ ಅಜ್ಜ" ಎಂದು ಮತ್ತೆ ಕಣ್ಣು ಮುಚ್ಚಿದಳು.

ಅವಳದ್ದೊಂದು ಬಿಟ್ಟುಹೋಗಿತ್ತು. ಹೇಳುವವರ ಹೆಸರನ್ನು ಅವರೇ ಹೇಳಿಕೊಳ್ಳುವಂತಿಲ್ಲವಲ್ಲ. ಪಕ್ಕದಲ್ಲಿ ನಿಂತಿದ್ದ ನಾನು ಕೈ ಮುಗಿದು, ನಲವತ್ತು ವರ್ಷದಲ್ಲಿ ಮೊದಲ ಸಲ ಎಲ್ಲರಿಗೂ ಕೇಳುವಂತೆ, ಪ್ರಣತಿ ಎಂದೆ.