ಕೊಪ್ಪದಲ್ಲಿ ಕೊಂಡ ಛುಪಾ

ನಮ್ಮ ಮನೆಯಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೂ ಒಂದು ಎಲೆ ಹೊಗೆಸೊಪ್ಪು ಇಡುತ್ತೇವೆ, ಹುಳು ಬೀಳದಿರಲೆಂದು. ಹಾಗಾಗಿ ನನ್ನ ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ನಿಮಗೆ ಮೊದಲು ಸೀನು ಬರುತ್ತದೆ, ಆಮೇಲೆ ಬಟ್ಟೆ ಕಾಣುತ್ತದೆ. ಮೊನ್ನೆ ಹಾಗೆ ಸೀನುತ್ತ ಸೀನುತ್ತ ತಳ ಮುಟ್ಟಿದಾಗ ಕೈಗೆ ಸಿಕ್ಕಿದ್ದು ನನ್ನ ಛುಪಾ. ಟಿಬೆಟಿಯನ್ ಹೆಂಗಸರು ಉಡುವ, ತೋಳಿಲ್ಲದ, ಪಾದದವರೆಗೆ ಇಳಿಯುವ ನಿಲುವಂಗಿ. ಕುಂಕುಮದ ಬಣ್ಣ ಸ್ವಲ್ಪ ಮಾಸಿದೆ. ನನ್ನಷ್ಟು ಮಾಸಿಲ್ಲ, ಬಿಡಿ.

ನಾನಾಗಿ ಹುಡುಕಿದ್ದಲ್ಲ. ಎಚ್.ಡಿ. ಕೋಟೆಯಲ್ಲಿ ಟೀಚರಾಗಿರುವ ಮಗಳು ಫೋನು ಮಾಡಿ ಕೇಳಿದ್ದಳು. ಅವಳು ಮೆಚ್ಚಿದ ಹುಡುಗ ಅಲ್ಲಿಂದ ಎನ್. ಬೇಗೂರು ದಾಟಿ ಕೇರಳದ ಗಡಿಯಾಚೆಯವನು. ಭಾನುವಾರ ಅವನ ಮನೆಯವರು ನಮ್ಮನ್ನು ಊಟಕ್ಕೆ ಕರೆದಿದ್ದಾರೆ. "ನೀನು ಬರದಿದ್ರೆ ಛುಪಾನಾದ್ರೂ ಕಳ್ಸು, ಉಟ್ಕೊಂಡು ಹೋಗ್ತೀನಿ," ಎಂದಿದ್ದಳು. ಒಂದು ವಾರದಿಂದ ನಾನು ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಹುಡುಗ ಒಳ್ಳೆಯವನೇ. ಆದರೂ ಬೇರೆ ಜನ, ಬೇರೆ ಮಾತು, ಮೀನಿನ ಸಾರಿಗೂ ಕೊಬ್ಬರಿ ಎಣ್ಣೆ ಹಾಕುವವರು! ಮುಖ ಊದಿಸಿಕೊಂಡು ಕೂತಿದ್ದೆ.

ಅದಿರಲಿ, ಛುಪಾದ ಕತೆ ಕೇಳಿ. ನಾನಾಗ ಪಿರಿಯಾಪಟ್ಟಣದಲ್ಲಿ ಬಿ.ಎ. ಓದುತ್ತಿದ್ದೆ. ಗೆಳತಿ ಶಾಹಿನಾ ಅಲ್ಲಿಯ ದರ್ಜಿಯ ಮಗಳು. ಬಟ್ಟೆಯ ವಿಷಯದಲ್ಲಿ ಅವಳು ಹೇಳಿದ್ದೇ ಕಾನೂನು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಯಾರೂ ಉಡದ್ದನ್ನು ಉಡಬೇಕೆಂಬ ಹುಚ್ಚು ನನಗೆ. ಇಬ್ಬರೂ ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆವು. ಬೈಲುಕುಪ್ಪೆಯ ಟಿಬೆಟಿಯನ್ನರು ಅಲ್ಲಿ ಸ್ವೆಟರು, ರಗ್ಗು ಮಾರುತ್ತಿದ್ದರು. ಅವರಲ್ಲಿ ಒಬ್ಬ ಅಜ್ಜಿಯ ಅಂಗಡಿಯಲ್ಲಿ ಈ ಛುಪಾ ನನ್ನನ್ನೇ ಕಾಯುತ್ತಿತ್ತು.

ಅಜ್ಜಿ ಪಕ್ಕದಿಂದ ಟೀ ತರಲು ಹೋದಾಗ ಹಾಕಿದ್ದ ಬಟ್ಟೆಯ ಮೇಲೇ ಅದನ್ನು ಸುತ್ತಿಕೊಂಡೆ. ಗೂಟದಲ್ಲಿ ಬಣ್ಣಬಣ್ಣದ ಪಟ್ಟೆಯ ಒಂದು ಚೌಕ ಬಟ್ಟೆ ತೂಗುತ್ತಿತ್ತು, ಸೊಂಟದ ಮುಂದೆ ಕಟ್ಟಿಕೊಳ್ಳುವಂಥದು. "ಅದ್ನೂ ಕಟ್ಕೊಳೇ, ಮಸ್ತಾಗಿರ್ತದೆ," ಎಂದಳು ಶಾಹಿನಾ. ಕಟ್ಟಿಕೊಂಡೆ. ಅಂಗಡಿಯ ಕನ್ನಡಿ ಅಂಗೈಯಗಲ. ಎದುರಂಗಡಿಯ ಗಾಜಿನಲ್ಲಿ ನೋಡಿಕೊಳ್ಳೋಣವೆಂದು ಮಹಾರಾಣಿಯ ಗತ್ತಿನಲ್ಲಿ ಬೀದಿಗೇ ಇಳಿದೆ.

ಅಜ್ಜಿ ನೋಡಿ ಟೀ ಚೆಲ್ಲುವಷ್ಟು ನಕ್ಕರು. ಆ ಪಟ್ಟೆ ಬಟ್ಟೆ ಮದುವೆಯಾದವರು ಕಟ್ಟುವುದಂತೆ, ನಮ್ಮ ತಾಳಿಯ ಹಾಗೆ! "ಗಂಡ ಎಲ್ಲಿ? ಗಂಡ ಇಲ್ಲದಿದ್ರೆ ನಮ್ಮನೆಗೇ ಬಾ," ಎಂದು ನನ್ನನ್ನು ತಬ್ಬಿಕೊಂಡು, "ನನ್ನ ಸೊಸೆ! ನೋಡಿ, ನನ್ನ ಸೊಸೆ!" ಎಂದು ಬೀದಿಗೆಲ್ಲ ಕೇಳುವಂತೆ ಕನ್ನಡದಲ್ಲೇ ಕೂಗಿದರು. ಎಲ್ಲರೂ ನಕ್ಕರು. ನಗದವರು ಒಬ್ಬರೇ, ರಗ್ಗು ಕೊಳ್ಳಲು ಬಂದಿದ್ದ ನಮ್ಮೂರಿನ ನಿಂಗಣ್ಣ ಮಾವ. ನಾವು ಅವರನ್ನು ನೋಡಲೇ ಇಲ್ಲ. ಅವರು ನಮಗಿಂತ ಮೊದಲ ಬಸ್ಸಿಗೇ ಊರು ಸೇರಿಬಿಟ್ಟಿದ್ದರು.

ಮನೆಗೆ ಬಂದರೆ ಜಗಲಿಯ ತುಂಬ ಜನ. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ಅಳುತ್ತಿದ್ದಾಳೆ. "ಲಾಮಾ ಹುಡುಗನ್ನ ಕಟ್ಕೊಂಡವ್ಳೆ ಕಣ್ರಪ್ಪಾ! ಅವ್ರತ್ತೆ ಸೊಸೆ ಅಂದದ್ದ ಈ ಕಿವಿಲೇ ಕೇಳಿವ್ನಿ," ಎಂದು ನಿಂಗಣ್ಣ ಮಾವ ಕಿವಿ ಹಿಡಿದು ತೋರಿಸುತ್ತಿದ್ದರು. ನಾನು ಇಲ್ಲ ಇಲ್ಲವೆಂದು ಬಡಕೊಂಡೆ. ಛುಪಾದ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೇಳಿದರೆ ಯಾರು ನಂಬುತ್ತಾರೆ? ನಾಳೆಯಿಂದ ಕಾಲೇಜು ಬಂದ್ ಎಂದು ಜಗಲಿಯೇ ತೀರ್ಮಾನ ಮಾಡಿತು. ಬೆಳಿಗ್ಗೆ ಅಪ್ಪ ಮದುವೆಮನೆಗೆ ಹಾಕುವ ಬಿಳಿ ಅಂಗಿ ತೊಟ್ಟು, ಕೈಚೀಲ ಹಿಡಿದು ಕೊಪ್ಪದ ಬಸ್ಸು ಹತ್ತಿದರು.

"ಚೀಲ್ದಲ್ಲಿ ಮಚ್ಚು ಮಡಿಕೊಂಡವ್ರೋ ಏನೋ," ಎಂದು ಅವ್ವ ದೇವರ ಮುಂದೆ ಕೂತಳು.

ಸಂಜೆ ಬಂದರಲ್ಲ ಅಪ್ಪ, ತಲೆಯ ಮೇಲೆ ಕಿವಿ ಮುಚ್ಚುವ ಉಣ್ಣೆಯ ಟೋಪಿ! "ಲೋ ನಿಂಗ, ಆಯಮ್ಮಂಗೆ ಇರೋ ಮಕ್ಳೆಲ್ಲ ಹೆಣ್ಣೇ ಕಣ್ಲಾ! ನನ್ ಮಗ್ಳು ಯಾರ್ನ ಕಟ್ಕೊಂಡ್ಲು, ಈ ಟೋಪಿನಾ?" ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕಡೆ ತಿರುಗಿ, "ಕಾಲೇಜ್ಗೆ ಹೋಗು ಮಗ. ಅದ್ನೇ ಉಟ್ಕೊಂಡೋಗು, ಆ ಪಟ್ಟೆ ಬಟ್ಟೆ ಒಂದು ಬುಟ್ಟು," ಎಂದರು.

ಅವ್ವ ಚೀಲ ಕಸಿದು ನೋಡಿದಳು. ಮಚ್ಚಿರಲಿಲ್ಲ. ಮಡಿಕೆ ಬಿಚ್ಚದ ಒಂದು ಜೊತೆ ಹೊಸ ಪಂಚೆ ಇತ್ತು. ಜೊತೆಗೆ ಒಯ್ದಿದ್ದ ಬಾಳೆಹಣ್ಣು, ತೆಂಗಿನಕಾಯಿ, ಎಲೆ ಅಡಿಕೆಯನ್ನು ಆ ಅಜ್ಜಿಗೇ ಕೊಟ್ಟು ಬಂದಿದ್ದರಂತೆ.

"ಇವೆಲ್ಲ ಯಾಕ್ ತಗೊಂಡೋಗಿದ್ರಿ?" ಅವ್ವ ಕೇಳಿದಳು.

"ನಿಜ ಆಗಿದ್ರೆ? ಬೀಗ್ರ ಮನೆಗೆ ಬರಿಗೈಲಿ ಹೋಗಕ್ಕಾಯ್ತದಾ? ಅಳಿಯಂಗೆ ಅಂತ ಪಂಚೆ ತಗೊಂಡಿದ್ದೆ," ಎಂದರು ಅಪ್ಪ.

ಈ ಕತೆ ಹೇಳಿ ನಾನು ಎಷ್ಟು ಮದುವೆಮನೆಗಳಲ್ಲಿ ಜನರನ್ನು ನಗಿಸಿದ್ದೇನೋ. ನಗು ಬರುತ್ತಿದ್ದುದೆಲ್ಲ ಆ ಟೋಪಿಗೆ, ನಿಂಗಣ್ಣ ಮಾವನ ಕಿವಿಗೆ. ಮೊನ್ನೆ ಪೆಟ್ಟಿಗೆಯ ಮುಂದೆ ಕೂತಾಗ ಮೊದಲ ಸಲ ಆ ಪಂಚೆ ನೆನೆದು ಅಳು ಬಂತು. ಊರಿಗೆ ಊರೇ ಹೌಹಾರಿದ್ದಾಗ ಅಪ್ಪ ಬೆಳಗೆದ್ದು, ಹೆಸರೂ ಗೊತ್ತಿಲ್ಲದ ಅಳಿಯನಿಗೆ ಪಂಚೆ ಎತ್ತಿಟ್ಟುಕೊಂಡಿದ್ದರು. ನಾನೋ, ಹೆಸರು ಗೊತ್ತಿರುವ ಹುಡುಗನ ಮೇಲೆ ಕೊಬ್ಬರಿ ಎಣ್ಣೆಗಾಗಿ ಮುನಿಸಿಕೊಂಡು ಕೂತಿದ್ದೇನೆ!

ಮಗಳಿಗೆ ಫೋನು ಮಾಡಿದೆ.

"ಛುಪಾ ಸಿಕ್ತಾ ಅಮ್ಮ?"

"ಸಿಕ್ತು ಕಣೇ. ಭಾನುವಾರ ನಾನೇ ತತ್ತೀನಿ. ನಿಮ್ಮಪ್ಪನೂ ಬತ್ತಾರೆ."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿತು.

"ಅಳ್ಬ್ಯಾಡ, ಸುಮ್ನಿರು ಮಗ," ಎಂದೆ. "ಆ ಹುಡುಗಂಗೆ ಪಂಚೆ ತರ್ಬೇಕು. ಯಾವ ಅಂಚು ಇಷ್ಟ ಅಂತ ಕೇಳಿ ಹೇಳು."